ಮಜಪಹಿತದ ಉತ್ಸವದಲ್ಲಿ ಕರ್ಣಾಟಕರು

೧

ಕನ್ನಡಿಗರು ನೆಲವನ್ನು ಆಳಿದವರೇ ಹೊರತು ಕಡಲನ್ನು ದಾಟಿದವರಲ್ಲವೆಂಬ ಮಾತು ವಿದ್ಯಾವಂತರ ಸಭೆಗಳಲ್ಲಿಯೂ ಆಗಾಗ ಕೇಳಿಬರುವುದುಂಟು. ಚೋಳರಿಗೆ ನೌಕಾಬಲವಿದ್ದಿತು, ಕಳಿಂಗರಿಗೆ ದ್ವೀಪಾಂತರದ ವ್ಯಾಪಾರವಿದ್ದಿತು, ಗುರ್ಜರರಿಗೆ ಹಡಗುಗಳಿದ್ದುವು. ಕರ್ಣಾಟಕರಿಗಾದರೋ ತಮ್ಮ ಎರಡು ಮಹಾನದಿಗಳ ನಡುವಣ ನಾಡೇ ಪ್ರಪಂಚವಾಗಿದ್ದಿತೆಂದು ಈ ಮಾತನ್ನಾಡುವವರ ಅಭಿಪ್ರಾಯ. ಕನ್ನಡದ ಪ್ರಾಚೀನ ಕಾವ್ಯಗಳಲ್ಲಿ ಸಮುದ್ರವರ್ಣನೆಯು ಹೇರಳವಾಗಿದ್ದರೂ ಸಮುದ್ರಯಾನದ ಅನುಭವವು ವಿರಳವಾಗಿರುವುದು ಈ ಅಭಿಪ್ರಾಯಕ್ಕೆ ಬೆಂಬಲವಾಗಿ ನಿಂತಿದೆ. ಆದರೆ ಒಂದು ಜನಾಂಗವು ತನ್ನ ವಿಷಯವಾಗಿ ಬರೆದಿಡದೆ ಹೋದುದನ್ನು ಅನ್ಯರು ಬರೆದಿಟ್ಟಿರುವುದುಂಟು. ಕನ್ನಡಿಗರ ದ್ವೀಪಾಂತರಯಾತ್ರೆಯ ವಿಷಯದಲ್ಲಿ ಅಂಥ ಒಂದು ಸಾಕ್ಷ್ಯವು ಯವದ್ವೀಪದ ಕಾವ್ಯವೊಂದರಲ್ಲಿ ಒಂದೇ ಒಂದು ಪದದ ರೂಪದಲ್ಲಿ ಉಳಿದುಬಂದಿದೆ. ಆ ಪದವು ಎಷ್ಟು ಭಾರವನ್ನು ಹೊರಬಲ್ಲುದೆಂಬುದೇ ಇಲ್ಲಿ ವಿಚಾರಣೀಯವಾದ ವಿಷಯ.

ಈ ವಿಚಾರವು ಕೇವಲ ಪಂಡಿತರ ಕುತೂಹಲಕ್ಕೆ ಸೇರಿದುದಲ್ಲ. ೨೦೦೮ರಲ್ಲಿ ದೇವನಹಳ್ಳಿಯ ಬಳಿ ವಿಮಾನನಿಲ್ದಾಣವು ತೆರೆದಂದಿನಿಂದ ಬೆಂಗಳೂರಿನ ಉತ್ತರಭಾಗವು ದೇಶಾಂತರಕ್ಕೆ ಹೋಗುವವರ ಹೆಬ್ಬಾಗಿಲಾಗಿದೆ. ಆ ನಿಲ್ದಾಣಕ್ಕೆ ೨೦೧೩ರಲ್ಲಿ ಯಲಹಂಕದ ನಾಡಪ್ರಭುವಾದ ಕೆಂಪೇಗೌಡನ ಹೆಸರನ್ನಿಟ್ಟರು. ಹೆಬ್ಬಾಳವನ್ನು ದಾಟಿ ಯಲಹಂಕದ ಮೇಲೆ ಹೋಗುವ ಹೆದ್ದಾರಿಯಲ್ಲಿ ಬಲಿದ್ವೀಪದ ಹಬ್ಬಗಳನ್ನೂ ಯವದ್ವೀಪದ ಪ್ರಾಚೀನ ದೇವಾಲಯಗಳನ್ನೂ ನೋಡಲು ಹೊರಟ ಗೃಹಸ್ಥರು ಈಗ ಅಪರೂಪವಲ್ಲ. ಹೆಬ್ಬಾಳದ ಪಕ್ಕದಲ್ಲಿರುವ ರವೀಂದ್ರನಾಥ ಠಾಗೂರ್ ನಗರವು ಯಾವ ಕವಿಯ ಹೆಸರನ್ನು ಹೊತ್ತಿದೆಯೋ ಆ ಕವಿಯೇ ೧೯೨೭ರಲ್ಲಿ ಯವ ಬಲಿದ್ವೀಪಗಳನ್ನು ಸಂದರ್ಶಿಸಿ, ಅಲ್ಲಿ ಕಂಡುದನ್ನು ಪತ್ರರೂಪವಾಗಿ ವಂಗಭಾಷೆಯಲ್ಲಿ ಬರೆದನು. ಹೀಗಿರಲಾಗಿ, ಇಂದಿನ ಯಾತ್ರಿಕನು ತನ್ನ ನಾಡಿನವರಲ್ಲಿ ತಾನೇ ಮೊದಲಿಗನೆಂದು ಭಾವಿಸುವುದು ಸರಿಯೇ ಎಂಬ ಪ್ರಶ್ನೆಯು ಸಹಜವಾಗಿಯೇ ಏಳುತ್ತದೆ.

೨

ಮೇಲೆ ಹೇಳಿದ ಕಾವ್ಯಕ್ಕೆ ಅದರ ಕವಿಯು ಕೊಟ್ಟ ಹೆಸರು 'ದೇಶವರ್ಣನ'. ಲೋಕದಲ್ಲಿ ಪ್ರಸಿದ್ಧವಾದ ಹೆಸರು 'ನಾಗರಕೃತಾಗಮ'. ಕವಿಯ ಹೆಸರು ಪ್ರಪಂಚ. ಇದು ಅವನ ಕಾವ್ಯನಾಮವಷ್ಟೆ. ಅವನು ಬೌದ್ಧಧರ್ಮಾಧಿಕಾರಿಗಳ ವಂಶಕ್ಕೆ ಸೇರಿದವನು. ಕ್ರಿ.ಶ. ೧೨೯೩ರಲ್ಲಿ ಸ್ಥಾಪಿತವಾದ ಮಜಪಹಿತ ರಾಜ್ಯವು ಅವನ ಕಾಲಕ್ಕೆ ಉಚ್ಛ್ರಾಯಸ್ಥಿತಿಯಲ್ಲಿದ್ದಿತು. ರಾಜಸನಗರನೆಂಬ ಬಿರುದಿನ ಹಯಂ ವುರುಕ್ ೧೩೫೦ರಿಂದ ೧೩೮೯ರವರೆಗೆ ಅಲ್ಲಿ ಆಳಿದನು. ಪ್ರಪಂಚನು ತನ್ನ ಕಾವ್ಯವನ್ನು ಮುಗಿಸಿದುದು ಶಕವರ್ಷ ೧೨೮೭ರ ಆಶ್ವಿನ ಮಾಸದಲ್ಲಿ, ಎಂದರೆ ಕ್ರಿ.ಶ. ೧೩೬೫ರಲ್ಲಿ. ಆ ಸಮಯದಲ್ಲಿ ಕರ್ಣಾಟಕದಲ್ಲಿ ಒಂದನೆಯ ಬುಕ್ಕರಾಯನು ವಿಜಯನಗರದ ಸಿಂಹಾಸನದ ಮೇಲಿದ್ದನೆಂಬುದನ್ನು ವಾಚಕರು ಸ್ಮರಿಸಬಹುದು.

ಈ ಕಾವ್ಯವು ಪ್ರಾಚೀನ ಯವಭಾಷೆಯಲ್ಲಿದ್ದು, ೯೮ ಸರ್ಗಗಳಿಂದ ಕೂಡಿದೆ. ಆ ಭಾಷೆಯ ಕಾವ್ಯಗಳು ಸಂಸ್ಕೃತ ವೃತ್ತಗಳನ್ನೇ ಅನುಸರಿಸುವುವು. ಕನ್ನಡದ ಚಂಪೂಕವಿಗಳಿಗೆ ಪ್ರಿಯವಾದ ಸ್ರಗ್ಧರೆ, ಶಾರ್ದೂಲವಿಕ್ರೀಡಿತಗಳು ಅಲ್ಲಿಯೂ ಬಳಕೆಯಲ್ಲಿವೆ. ಕನ್ನಡ ಪಂಡಿತನೊಬ್ಬನಿಗೆ ಅರ್ಥವಾಗದಿದ್ದರೂ ಅದರ ನಡೆಯು ಕಿವಿಗೆ ಪರಿಚಿತವಾಗಿಯೇ ಕೇಳಿಸೀತು.

ಗ್ರಂಥವು ಉಳಿದುಬಂದ ಬಗೆಯೂ ಹೇಳತಕ್ಕದ್ದಾಗಿದೆ. ೧೮೯೪ರಲ್ಲಿ ಡಚ್ಚರ ಸೇನೆಯು ಲೊಂಬೊಕ್ ದ್ವೀಪದ ಚಕ್ರನಗರದ ಅರಮನೆಯನ್ನು ಮುತ್ತಿ ಸುಟ್ಟಿತು. ಅಲ್ಲಿನ ಗ್ರಂಥಭಂಡಾರವು ಬೆಂಕಿಯ ಪಾಲಾಗುವ ಮುನ್ನ ಬ್ರಾಂಡೆಸ್ ಎಂಬ ಡಚ್ ವಿದ್ವಾಂಸನು ತಾಳೆಯೋಲೆಯ ಕಟ್ಟುಗಳನ್ನು ಉಳಿಸಿದನು. ಅವುಗಳೊಳಗೆ ಈ ಕಾವ್ಯವೂ ಒಂದಾಗಿದ್ದಿತು. ಬಹುಕಾಲದವರೆಗೆ ಲೋಕಕ್ಕೆ ತಿಳಿದಿದ್ದುದು ಈ ಒಂದೇ ಪ್ರತಿ. ಬೇರೆ ಪ್ರತಿಗಳು ಬಲಿದ್ವೀಪದಲ್ಲಿ ದೊರೆತುದು ಅನಂತರ. ಇಂಡೊನೇಷ್ಯವು ಸ್ವತಂತ್ರವಾದ ಬಳಿಕ, ೧೯೭೦ರ ದಶಕದಲ್ಲಿ, ಡಚ್ಚರು ಆ ಪ್ರತಿಯನ್ನು ಅದರ ನಾಡಿಗೆ ಹಿಂದಿರುಗಿಸಿದರು. ಆ ದಿನ ಆ ಓಲೆಗಳು ಉರಿದುಹೋಗಿದ್ದರೆ, ಒಂದು ಸಾಮ್ರಾಜ್ಯದ ವೃತ್ತಾಂತದೊಡನೆ ಕರ್ಣಾಟಕರ ಯಾತ್ರೆಯ ಈ ಸುಳಿವೂ ಬಹುಕಾಲ ಮರೆಯಲ್ಲಿಯೇ ಉಳಿಯುತ್ತಿದ್ದಿತು.

೩

ಕಾವ್ಯದ ೮೩ನೆಯ ಸರ್ಗದಿಂದ ಮುಂದಕ್ಕೆ ರಾಜಧಾನಿಯಲ್ಲಿ ಪ್ರತಿವರ್ಷವೂ ನಡೆಯುತ್ತಿದ್ದ ಮಹೋತ್ಸವದ ವರ್ಣನೆಯಿದೆ. ಉತ್ಸವವು ಫಾಲ್ಗುನದಲ್ಲಿ ಮೊದಲಾಗಿ ಚೈತ್ರದಲ್ಲಿ ಮುಗಿಯುವುದು. ಅದನ್ನು ಆರಂಭಿಸುವ ಮುನ್ನ ಕವಿಯು, ಅನ್ಯದೇಶಗಳಿಂದ ಜನರು ಎಡೆಬಿಡದೆ ಬರುತ್ತಿದ್ದರೆಂದು ಹೇಳಿ ಆ ದೇಶಗಳನ್ನು ಹೆಸರಿಸುವನು: ಜಂಬೂದ್ವೀಪ, ಕಾಂಬೋಜ, ಚೀನ, ಯವನ, ಚಂಪಾ, ಕರ್ಣಾಟಕ, ಗೌಡ, ಸಯಾಂ. ಇವರು ವರ್ತಕರೊಡನೆ ಹಡಗುಗಳಲ್ಲಿ ಬರುತ್ತಿದ್ದರೆಂದೂ, ಅವರಲ್ಲಿ ಭಿಕ್ಷುಗಳೂ ವಿಪ್ರರೂ ಮುಖ್ಯರಾಗಿದ್ದರೆಂದೂ, ಅವರಿಗೆ ಭೋಜನಾದಿ ಸತ್ಕಾರಗಳು ದೊರೆತು ಅವರು ತೃಪ್ತರಾಗಿ ನೆಲೆಸುತ್ತಿದ್ದರೆಂದೂ ಅವನ ಮಾತಿನ ತಾತ್ಪರ್ಯ. ಇಲ್ಲಿ ಕಾಂಬೋಜವೆಂಬುದು ಇಂದಿನ ಕಾಂಬೋಡಿಯ. ಯವನವೆಂಬುದು ಅನ್ನಾಂ, ಎಂದರೆ ಇಂದಿನ ವಿಯೆಟ್ನಾಮಿನ ಉತ್ತರಭಾಗ. ಚಂಪಾ ಎಂಬುದು ಅದಕ್ಕೆ ದಕ್ಷಿಣದಲ್ಲಿದ್ದ ರಾಜ್ಯ. ಇವುಗಳ ನಡುವೆ 'ಕರ್ಣಾಟಕ' ಎಂಬ ಪದವು ಸ್ಪಷ್ಟವಾಗಿ ನಿಂತಿದೆ.

ಆ ಅತಿಥಿಗಳು ಕಂಡುದೇನೆಂಬುದನ್ನೂ ಪ್ರಪಂಚನೇ ತಿಳಿಸಿರುವನು. ಯವದ್ವೀಪದ ಎಲ್ಲ ಭಾಗಗಳಿಂದಲೂ, ಬಲಿ ಮೊದಲಾದ ಅನ್ಯದ್ವೀಪಗಳಿಂದಲೂ ಅಧಿಕಾರಿಗಳೂ ಗ್ರಾಮಮುಖ್ಯರೂ ಕಾಣಿಕೆಗಳನ್ನು ತಂದು ರಾಜಧಾನಿಯಲ್ಲಿ ನೆರೆಯುತ್ತಿದ್ದರು. ಪೇಟೆಗಳು ವರ್ತಕರಿಂದ ಕಿಕ್ಕಿರಿದು ಸರಕುಗಳು ರಾಶಿಬೀಳುತ್ತಿದ್ದುವು. ವಾದ್ಯಘೋಷಗಳೊಡನೆ ರಾಜನ ಮೆರವಣಿಗೆಯು ನಡೆಯುತ್ತಿದ್ದಿತು. ಚೈತ್ರದ ಮೊದಲಲ್ಲಿ ಮಂತ್ರಿಗಳೂ ಸೇನಾನಾಯಕರೂ ಗ್ರಾಮಾಧಿಕಾರಿಗಳೂ ಸಭೆಸೇರಿ, ಅನ್ಯಾಯಾರ್ಜಿತವಾದ ಧನಕ್ಕೆ ಕೈಹಾಕಬಾರದೆಂಬ ರಾಜಧರ್ಮದ ಉಪದೇಶವನ್ನು ಕೇಳುತ್ತಿದ್ದರು. ಅನಂತರ ಬುಬತ್ ಎಂಬ ವಿಶಾಲವಾದ ಬಯಲಿನಲ್ಲಿ ಜಾತ್ರೆ. ಅದರ ಒಂದು ಮಗ್ಗುಲು ರಾಜಮಾರ್ಗದವರೆಗೂ ಮತ್ತೊಂದು ನದಿಯವರೆಗೂ ಚಾಚಿದ್ದಿತು. ಅಲ್ಲಿ ದ್ವಂದ್ವಯುದ್ಧವೇ ಮೊದಲಾದ ಪಂದ್ಯಗಳು ಮೂರು ನಾಲ್ಕು ದಿವಸ ನಡೆಯುತ್ತಿದ್ದುವು. ಕಡೆಗೆ ಮಹಾಭೋಜನ, ಅದಾದಮೇಲೆ ಗೀತನಾಟ್ಯಗಳು. ರಾಜನು ತಾನೇ ವೇಷಧರಿಸಿ ರಂಗದಮೇಲೆ ಬಂದು ಹಾಡಿ ಕುಣಿದು ಸಭಿಕರನ್ನು ನಗಿಸುತ್ತಿದ್ದನೆಂದು ಕವಿಯು ಸಂತೋಷದಿಂದ ಹೇಳಿಕೊಂಡಿರುವನು.

ಈ ಉತ್ಸವದಲ್ಲಿ ಒಂದು ಪ್ರಸಂಗವು ವಿಶೇಷವಾಗಿ ಗಮನಾರ್ಹವಾದುದು. ಮಹಾಭೋಜನಕ್ಕೆ ಮುನ್ನ ರಾಜವಂಶದ ಹಿರಿಯರು ಗ್ರಾಮಮುಖ್ಯರನ್ನು ಕುರಿತು ಮಾತನಾಡುವರು. ಸೇತುವೆ, ದಾರಿ, ಆಲದ ಮರ, ಕಟ್ಟಡ ಮೊದಲಾದ ಪುಣ್ಯಕಾರ್ಯಗಳನ್ನು ಕಾಪಾಡಬೇಕೆಂದೂ, ಗದ್ದೆ ಹೊಲಗಳು ಹಾಳುಬೀಳದಂತೆ ನೋಡಿಕೊಳ್ಳಬೇಕೆಂದೂ ಅವರ ಬೋಧನೆ. ಸಿಂಹಕ್ಕೂ ಕಾಡಿಗೂ ಇರುವಂಥ ಸಂಬಂಧವೇ ನಗರಕ್ಕೂ ಹಳ್ಳಿಗಾಡಿಗೂ ಇರುವುದು. ಹೊಲಗಳು ಕೆಟ್ಟರೆ ನಗರಕ್ಕೆ ಅನ್ನವಿಲ್ಲ ಎಂಬುದು ಅದರ ಸಾರ. ಆರುನೂರು ವರ್ಷಗಳಿಗೂ ಹಿಂದಣ ಜಾತ್ರೆಯೊಂದರಲ್ಲಿ ಆಡಿದ ಈ ಮಾತು ಇಂದಿನ ಬೆಂಗಳೂರಿನ ಸುತ್ತಣ ಹಳ್ಳಿಗಳ ಸ್ಥಿತಿಯನ್ನು ಬಲ್ಲವರಿಗೆ ಹಳೆಯದೆಂದು ತೋರಲಾರದು.

೪

ಇನ್ನು ಆಕ್ಷೇಪಗಳನ್ನು ಪರಿಶೀಲಿಸಬೇಕು. ಮೊದಲನೆಯದು, ಇದು ಕಾವ್ಯ. ರಾಜನ ಕೀರ್ತಿಯನ್ನು ಹೆಚ್ಚಿಸಲು ಕವಿಯು ದೇಶನಾಮಗಳನ್ನು ಪೋಣಿಸಿರಬಹುದು ಎಂಬುದು. ಅಂಗ ವಂಗ ಕಳಿಂಗಗಳನ್ನು ಒಂದೇ ಉಸಿರಿನಲ್ಲಿ ಗೆಲ್ಲಿಸುವ ಕವಿಗಳ ಪರಿಚಯವುಳ್ಳ ಕನ್ನಡಿಗರಿಗೆ ಈ ಸಂದೇಹವು ಬರುವುದು ನ್ಯಾಯವೇ. ಆದರೆ ಪ್ರಪಂಚನ ಪಟ್ಟಿಯಲ್ಲಿ ಪೌರಾಣಿಕವಾದ ದೇಶವು ಒಂದೂ ಇಲ್ಲ. ಹೆಸರಿಸಿದ ರಾಜ್ಯಗಳೆಲ್ಲವೂ ಆ ಕಾಲದಲ್ಲಿ ಹಡಗಿನ ದಾರಿಯಲ್ಲಿದ್ದಂಥವು. ಮೇಲಾಗಿ ಅವನು ಹೇಳುತ್ತಿರುವುದು ದಿಗ್ವಿಜಯವನ್ನಲ್ಲ, ಅತಿಥಿಗಳ ಆಗಮನವನ್ನು. ೯೩ನೆಯ ಸರ್ಗದಲ್ಲಿ ಅವನು ಕಾಂಚೀಪುರದ ಬುದ್ಧಾದಿತ್ಯನೆಂಬ ಭಿಕ್ಷುವನ್ನೂ ಸಹೃದಯನೆಂಬ ವಿಪ್ರನನ್ನೂ ಹೆಸರುಹಿಡಿದು ಹೇಳಿ, ಅವರು ರಾಜನನ್ನು ಸ್ತುತಿಸಿ ಶ್ಲೋಕಗಳನ್ನು ರಚಿಸಿದರೆಂದು ತಿಳಿಸಿರುವನು. ದಕ್ಷಿಣಭಾರತದ ವಿದ್ವಾಂಸರ ಪರಿಚಯವು ಆ ಆಸ್ಥಾನಕ್ಕೆ ಚೆನ್ನಾಗಿಯೇ ಇದ್ದಿತೆಂಬುದು ಇದರಿಂದ ತಿಳಿದುಬರುತ್ತದೆ.

ಎರಡನೆಯದು, ಈ ಪದವು ಹೊಸದಾಗಿ ಪ್ರಬಲವಾಗುತ್ತಿದ್ದ ವಿಜಯನಗರದ ಹೆಸರನ್ನು ಕೇಳಿ ಸೇರಿಸಿದುದಾಗಿರಬಹುದು ಎಂಬುದು. ಇದಕ್ಕೆ ಯವದ್ವೀಪದ ಶಾಸನಗಳೇ ಉತ್ತರವನ್ನು ಕೊಡುವುವು. ಮಜಪಹಿತಕ್ಕಿಂತ ಬಹಳ ಹಿಂದಿನ ಶಾಸನಗಳಲ್ಲಿ, ರಾಜನಿಗೆ ತೆರಿಗೆ ಸಲ್ಲಿಸುತ್ತಿದ್ದ ವಿದೇಶೀಯರ ಪಟ್ಟಿಯೊಂದು ಬರುವುದುಂಟು. ಕ್ಲಿಂಗ್, ಎಂದರೆ ಕಳಿಂಗರು, ಆರ್ಯರು, ಸಿಂಹಳರು, ದ್ರವಿಡರು, ಚಂಪಾದವರು, ಖ್ಮೇರರು ಎಂಬ ಹೆಸರುಗಳ ಜೊತೆಗೆ ಕೆಲವು ಶಾಸನಗಳಲ್ಲಿ ಕರ್ಣಾಟಕರ ಹೆಸರೂ ಕಾಣುವುದು. ತೆರಿಗೆಯ ಪಟ್ಟಿಯಲ್ಲಿ ಅಲಂಕಾರಕ್ಕೆ ಎಡೆಯಿಲ್ಲ.

ಮೂರನೆಯ ಆಕ್ಷೇಪವು ಧರ್ಮಶಾಸ್ತ್ರದಿಂದ ಬರುವಂಥದು. ಬೌಧಾಯನನು ಸಮುದ್ರಯಾನವನ್ನು ಪತನೀಯ ಕರ್ಮಗಳಲ್ಲಿ ಎಣಿಸಿರುವನು. ಕಲಿವರ್ಜ್ಯ ಪ್ರಕರಣಗಳಲ್ಲಿಯೂ ಅದು ಸೇರಿದೆ. ಹಾಗಾದಮೇಲೆ ವಿಪ್ರರು ಹಡಗುಹತ್ತಿದುದೆಂತು ಎಂದು ಕೇಳಬಹುದು. ಆದರೆ ನಿಷೇಧವಿರುವುದೇ ಆಚಾರವಿದ್ದುದಕ್ಕೆ ಪ್ರಮಾಣ. ಯಾರೂ ಮಾಡದ ಕೆಲಸವನ್ನು ಶಾಸ್ತ್ರಕಾರರು ನಿಷೇಧಿಸುವುದಿಲ್ಲ. ಅದೇ ಬೌಧಾಯನನು ಸಮುದ್ರಯಾನವನ್ನು ಔತ್ತರೇಯರ ಆಚಾರವೆಂದೂ ಹೇಳಿರುವನು. ಹೋಗಿಬಂದವರು ಅದನ್ನು ಊರಿನಲ್ಲಿ ಸಾರಿಕೊಳ್ಳಲು ಹಿಂಜರಿದಿರಬಹುದು; ಕನ್ನಡದಲ್ಲಿ ಯಾತ್ರಾವೃತ್ತಾಂತಗಳಿಲ್ಲದಿರುವುದಕ್ಕೆ ಇದೂ ಒಂದು ಕಾರಣವಾಗಿರಬಹುದು.

೫

ಕರ್ಣಾಟಕರು ಆ ದಾರಿಯನ್ನು ಹಿಡಿಯಲು ಕಾರಣವೇನೆಂದು ವಿಚಾರಿಸಿದರೆ, ಅದರ ಉತ್ತರವು ಪ್ರತಿಯೊಂದು ಮನೆಯ ದೇವರಮನೆಯಲ್ಲಿಯೂ ಅಡಿಗೆಮನೆಯಲ್ಲಿಯೂ ಇದೆ. ತೀರ್ಥಕ್ಕೆ ಹಾಕುವ ಪಚ್ಚಕರ್ಪೂರವು ಸುಮಾತ್ರ, ಬೋರ್ನಿಯೊಗಳ ಮಹಾವೃಕ್ಷಗಳಿಂದ ಬರುತ್ತಿದ್ದಿತು. ಲವಂಗವು ಮೊದಲಿಗೆ ಬೆಳೆಯುತ್ತಿದ್ದುದು ಮಲುಕು ದ್ವೀಪಗಳಲ್ಲಿ. ಜಾಯಿಕಾಯಿ ಜಾಪತ್ರೆಗಳು ಬಂದಾ ಎಂಬ ಪುಟ್ಟ ದ್ವೀಪಗಳವು. ತಾಂಬೂಲವೂ ದೇವರ ಅಭಿಷೇಕವೂ ದ್ವೀಪಾಂತರದ ಹಡಗುಗಳಿಲ್ಲದೆ ಪೂರ್ಣವಾಗುತ್ತಿರಲಿಲ್ಲ.

ಈ ವ್ಯಾಪಾರವನ್ನು ನಡೆಯಿಸಿದ ಸಂಘಗಳಲ್ಲಿ ಅಯ್ಯಾವೊಳೆಯ ಐನೂರ್ವರು ಪ್ರಮುಖರು. ಅಯ್ಯಾವೊಳೆಯೆಂದರೆ ಇಂದಿನ ಬಾಗಿಲಕೋಟೆ ಜಿಲ್ಲೆಯ ಐಹೊಳೆ. ನೆಲದ ದಾರಿಯಲ್ಲಿಯೂ ಜಲದ ದಾರಿಯಲ್ಲಿಯೂ ಸಂಚರಿಸುವವರೆಂದು ಅವರ ಶಾಸನಗಳು ಅವರನ್ನು ಹೊಗಳುವುವು. ಸುಮಾತ್ರದ ಪಶ್ಚಿಮತೀರದಲ್ಲಿ ಬಾರುಸ್ ಎಂಬ ಕರ್ಪೂರದ ರೇವಿನ ಬಳಿ ದೊರೆತ ಶಕ ೧೦೧೦ರ, ಎಂದರೆ ಕ್ರಿ.ಶ. ೧೦೮೮ರ ಶಾಸನವೊಂದು ಈ ಐನೂರ್ವರದು. ಅದರ ಭಾಷೆ ತಮಿಳು. ಆದಕಾರಣ ಅದನ್ನು ಕನ್ನಡಿಗರ ಶಾಸನವೆನ್ನುವುದು ಸರಿಯಲ್ಲ. ಸಂಘವು ದಕ್ಷಿಣದ ಎಲ್ಲ ಭಾಷೆಗಳವರನ್ನೂ ಒಳಗೊಂಡಿದ್ದಿತು. ಆದರೆ ಐಹೊಳೆಯ ಹೆಸರನ್ನು ಹೊತ್ತ ವರ್ತಕರು ಹನ್ನೊಂದನೆಯ ಶತಮಾನದಲ್ಲಿಯೇ ಸುಮಾತ್ರದಲ್ಲಿ ನೆಲೆನಿಂತಿದ್ದರೆಂಬುದು ನಿರ್ವಿವಾದವಾದ ಸಂಗತಿ. ಹದಿನಾಲ್ಕನೆಯ ಶತಮಾನದಲ್ಲಿ ಇಬ್ನ್ ಬತೂತನೆಂಬ ಯಾತ್ರಿಕನು ಹೊನ್ನಾವರ ಬಾರಕೂರುಗಳನ್ನೂ ಕಂಡನು, ಸುಮಾತ್ರವನ್ನೂ ಕಂಡನು. ಪ್ರಪಂಚನು ಕಾವ್ಯವನ್ನು ಬರೆಯುವುದಕ್ಕೆ ಸುಮಾರು ಇಪ್ಪತ್ತು ವರ್ಷಗಳ ಹಿಂದಣ ಮಾತಿದು.

ಸರಕುಗಳ ಜೊತೆಗೆ ಕಥೆಗಳೂ ಪ್ರಯಾಣಮಾಡಿದುವು. ಚಾಲುಕ್ಯ ಜಗದೇಕಮಲ್ಲ ಜಯಸಿಂಹನ ಆಸ್ಥಾನದಲ್ಲಿದ್ದ ದುರ್ಗಸಿಂಹನು ಸುಮಾರು ೧೦೩೧ರಲ್ಲಿ ಕನ್ನಡದಲ್ಲಿ ಪಂಚತಂತ್ರವನ್ನು ರಚಿಸಿದನು. ಅವನು ಅನುಸರಿಸಿದುದು ಪ್ರಸಿದ್ಧವಾದ ವಿಷ್ಣುಶರ್ಮನ ಪಾಠವನ್ನಲ್ಲ, ವಸುಭಾಗಭಟ್ಟನ ಪಾಠವನ್ನು. ಸಂಸ್ಕೃತದಲ್ಲಿ ಆ ಮೂಲವು ಲುಪ್ತವಾಗಿದೆ. ಯವದ್ವೀಪದಲ್ಲಿ 'ತಂತ್ರಿ' ಎಂಬ ಹೆಸರಿನಿಂದ ಪ್ರಚಾರದಲ್ಲಿರುವ ಪಂಚತಂತ್ರವೂ ಈ ವಸುಭಾಗ ಸಂಪ್ರದಾಯಕ್ಕೇ ಸೇರಿದುದೆಂಬುದನ್ನು ಮೈಸೂರಿನ ವಿದ್ವಾಂಸರಾದ ಎ. ವೆಂಕಟಸುಬ್ಬಯ್ಯನವರು ಪರಿಶೋಧಿಸಿ ತೋರಿಸಿರುವರು. ಅಲ್ಲಿ ಕಥೆಗಳನ್ನು ಹೇಳುವವಳು ತಂತ್ರಿಯೆಂಬ ಮಂತ್ರಿಪುತ್ರಿ, ಕೇಳುವವನು ರಾಜ. ಬೊರೊಬುದೂರಿನ ಸಮೀಪದ ಮೆಂಡುತ್ ದೇವಾಲಯದ ಸೋಪಾನದ ಪಾರ್ಶ್ವದಲ್ಲಿ ಎರಡು ಹಂಸಗಳು ಕಚ್ಚಿಹಿಡಿದ ಕೋಲಿಗೆ ಜೋತುಬಿದ್ದ ಆಮೆಯ ಶಿಲ್ಪವಿದೆ. ಕನ್ನಡದ ಮಕ್ಕಳಿಗೆ ಆ ಕಥೆಯನ್ನು ಯಾರೂ ವಿವರಿಸಬೇಕಾಗಿಲ್ಲ. ಕನ್ನಡಕ್ಕೂ ಯವಭಾಷೆಗೂ ಸಮಾನವಾದ ಈ ಪಾಠಸಂಬಂಧವು ಯಾರ ಮೂಲಕ, ಯಾವ ರೇವಿನಿಂದ ಬೆಳೆಯಿತೆಂಬುದಕ್ಕೆ ಪ್ರಮಾಣವಿಲ್ಲ. ಆದರೆ ಸಂಬಂಧವು ಇದ್ದೇ ಇದೆ.

೬

ಮಜಪಹಿತದ ಉತ್ಸವವನ್ನು ಕಂಡ ಕರ್ಣಾಟಕನಿಗೆ ಅದು ವಿಚಿತ್ರವಾಗಿ ತೋರಿರಲಾರದು. ವಿಜಯನಗರದಲ್ಲಿ ಮಹಾನವಮಿಯು ಅದೇ ಬಗೆಯ ರಾಜೋತ್ಸವವಾಗಿ ಬೆಳೆಯಿತು. ೧೪೪೩ರಲ್ಲಿ ಬಂದ ಅಬ್ದುರ್ ರಜಾಕನೂ, ಸುಮಾರು ೧೫೨೦ರಲ್ಲಿ ಬಂದ ಪೋರ್ತುಗೀಸರವನಾದ ಪಾಯೆಸನೂ ಅದನ್ನು ಕಣ್ಣಾರೆ ಕಂಡು ಬರೆದಿರುವರು: ಮಲ್ಲಯುದ್ಧ, ನರ್ತನ, ಬಾಣಬಿರುಸು, ಸೇನಾಪರೀಕ್ಷೆ. ಮಾಂಡಲಿಕರು ತಮ್ಮ ಸೀಮೆಯ ಕಂದಾಯವನ್ನು ಆ ನವರಾತ್ರಿಯಲ್ಲಿಯೇ ಸಲ್ಲಿಸುತ್ತಿದ್ದರೆಂದು ನ್ಯೂನಿಜನು ಹೇಳುವನು. ಗ್ರಾಮಮುಖ್ಯರು ಬುಬತ್ ಬಯಲಿಗೆ ಕಾಣಿಕೆಯೊಡನೆ ಬಂದಂತೆಯೇ ನಾಡಪ್ರಭುಗಳು ಹಂಪೆಗೆ ಬರುತ್ತಿದ್ದರು. ಎರಡು ಕಡೆಯಲ್ಲಿಯೂ ಉತ್ಸವವೆಂಬುದು ವಿನೋದ ಮಾತ್ರವಾಗಿರದೆ, ರಾಜ್ಯವು ತನ್ನ ಅಂಗೋಪಾಂಗಗಳನ್ನು ವರ್ಷಕ್ಕೊಮ್ಮೆ ಎಣಿಸಿನೋಡಿಕೊಳ್ಳುವ ಸಮಯವೂ ಆಗಿದ್ದಿತು.

ಯಲಹಂಕನಾಡಿನ ಪ್ರಭುಗಳೂ ವಿಜಯನಗರದ ಇಂಥ ಮಾಂಡಲಿಕರೇ. ಚೋಳರ ಕಾಲದ ತಮಿಳು ಶಾಸನಗಳಲ್ಲಿ ಇಲೈಪಾಕ್ಕನಾಡೆಂದು ಹೆಸರಾಗಿದ್ದ ಈ ಸೀಮೆಯು ಅನಂತರ ಆವತಿಯ ಗೌಡರ ವಂಶಕ್ಕೆ ಸೇರಿತು. ಆ ವಂಶದ ಕೆಂಪೇಗೌಡನು ೧೫೩೭ರಲ್ಲಿ ಬೆಂಗಳೂರಿನ ಕೋಟೆಯನ್ನು ಕಟ್ಟಿಸಿದನು. ವಿಜಯನಗರದ ವೈಭವವನ್ನು ಕಂಡುದೇ ಅವನಿಗೆ ಹೊಸ ಪಟ್ಟಣವನ್ನು ಕಟ್ಟುವ ಹಂಬಲವನ್ನು ಹುಟ್ಟಿಸಿತೆಂದು ಐತಿಹ್ಯವಿದೆ. ಅದು ಹೇಗಾದರೂ ಇರಲಿ. ಅವನ ಹೆಸರು ಕೋಟೆಗಿಂತಲೂ ಕೆರೆಗಳಿಂದ ಹೆಚ್ಚು ಉಳಿದಿದೆ. ಧರ್ಮಾಂಬುಧಿ, ಕೆಂಪಾಂಬುಧಿಗಳು ಅವನವೆಂದು ಪ್ರಸಿದ್ಧಿ. ಹೆಬ್ಬಾಳದ ಕೆರೆಯನ್ನೂ ಅವನದೆಂದೇ ಹೇಳುವರು. ಕಟ್ಟೆ ಗದ್ದೆಗಳನ್ನು ಕಾಪಾಡಿರೆಂದು ಯವದ್ವೀಪದ ಹಿರಿಯರು ಜಾತ್ರೆಯಲ್ಲಿ ಬೋಧಿಸಿದುದನ್ನು ಯಲಹಂಕದ ಪ್ರಭುವು ಬೋಧನೆಯಿಲ್ಲದೆಯೇ ಬಲ್ಲವನಾಗಿದ್ದನು. ಧರ್ಮಾಂಬುಧಿಯ ನೆಲದ ಮೇಲೆ ಈಗ ಬಸ್ಸುಗಳು ನಿಲ್ಲುತ್ತಿವೆ.

ಒಂದು ಪದವನ್ನು ಹಿಡಿದು ಇಷ್ಟು ಹೇಳಬಹುದೇ ಎನ್ನುವವರು ಹೆಬ್ಬಾಳದ ಕಿತ್ತಯ್ಯನ ವೀರಗಲ್ಲನ್ನು ನೆನೆಯಬೇಕು. ೨೦೧೮ರಲ್ಲಿ ಆ ಕಲ್ಲು ಬೆಳಕಿಗೆ ಬಂದಿತು. ಅದು ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ೭೫೦ರದ್ದು. ಅಲ್ಲಿ 'ಪೆರ್ಬೊಳಲ್' ಎಂಬ ಒಂದು ಹೆಸರು ದೊರೆತುದರಿಂದ ಹೆಬ್ಬಾಳದ ಪ್ರಾಚೀನತೆಯು ಎಂಟನೆಯ ಶತಮಾನದವರೆಗೆ ಹೋಯಿತು. ಚರಿತ್ರೆಯು ಅನೇಕ ವೇಳೆ ಇಂಥ ಒಂದೊಂದು ಪದದಮೇಲೆಯೇ ಕಾಲೂರಿ ನಿಲ್ಲುವುದು.

೭

ಮಜಪಹಿತದ ರಾಜಧಾನಿಯು ಈಗ ಪೂರ್ವ ಯವದ್ವೀಪದ ತ್ರೊವುಲಾನ್ ಎಂಬ ಊರಾಗಿದೆ. ಇಟ್ಟಿಗೆಯ ಹೆಬ್ಬಾಗಿಲುಗಳೂ, ಸ್ನಾನಕುಂಡವೂ, ದೊಡ್ಡದೊಂದು ಕೊಳವೂ, ವಸ್ತುಸಂಗ್ರಹಾಲಯವೂ ಅಲ್ಲಿವೆ. ಆ ರಾಜರು ಪೂಜಿಸುತ್ತಿದ್ದ ಪನತರಾನ್ ದೇವಾಲಯದ ಜಗತಿಯ ಸುತ್ತಲೂ ರಾಮಾಯಣವನ್ನು ಕೆತ್ತಿದ್ದಾರೆ. ಪ್ರಂಬನಾನಿನ ಶಿವಾಲಯದಲ್ಲಿಯೂ ರಾಮಾಯಣವೇ. ಅದರ ಎದುರಿನಲ್ಲಿ ೧೯೬೧ರಿಂದ ರಾಮಾಯಣದ ನೃತ್ಯನಾಟಕವನ್ನು ಆಡುತ್ತಿರುವರು. ದೇಶದ ಬಹುಜನರು ಇಸ್ಲಾಂ ಧರ್ಮವನ್ನು ಅವಲಂಬಿಸಿದವರಾದರೂ ಈ ಕಥೆಯನ್ನು ತಮ್ಮದೆಂದೇ ಭಾವಿಸಿರುವರು.

ಬಲಿದ್ವೀಪದಲ್ಲಾದರೋ ಹಳೆಯ ಪಂಚಾಂಗವೇ ಇನ್ನೂ ನಡೆಯುತ್ತಿದೆ. ಅಲ್ಲಿಯದೂ ಶಕವರ್ಷವೇ. ೨೦೨೫ರಲ್ಲಿ ಮಾರ್ಚ್ ೨೯ರಂದು ಅಲ್ಲಿ ಶಕ ೧೯೪೭ ಪ್ರಾರಂಭವಾಯಿತು; ಮರುದಿನ ಕರ್ಣಾಟಕದಲ್ಲಿ ಯುಗಾದಿ. ಅಧಿಕಮಾಸದ ಗಣನೆಯಲ್ಲಿ ಭೇದವಿರುವುದರಿಂದ ಎಲ್ಲ ವರ್ಷಗಳಲ್ಲಿಯೂ ಹೀಗೆ ಹೊಂದುವುದಿಲ್ಲ. ಆಚರಣೆಯು ಮಾತ್ರ ತೀರ ಬೇರೆ. ಬೇವುಬೆಲ್ಲಕ್ಕೆ ಬದಲಾಗಿ ಅವರದು ಮೌನ. ನ್ಯೆಪಿ ಎಂಬ ಆ ದಿನ ಬೆಂಕಿಯಿಲ್ಲ, ದೀಪವಿಲ್ಲ, ಕೆಲಸವಿಲ್ಲ, ಪ್ರಯಾಣವಿಲ್ಲ, ವಿನೋದವಿಲ್ಲ; ವಿಮಾನನಿಲ್ದಾಣವನ್ನೂ ಒಂದು ದಿನ ಮುಚ್ಚುವರು. ಇನ್ನು ೨೧೦ ದಿವಸಗಳಿಗೊಮ್ಮೆ ಬರುವ ಸರಸ್ವತೀದಿನದಲ್ಲಿ ತಾಳೆಯೋಲೆಯ ಗ್ರಂಥಗಳನ್ನು ಹೊರತೆಗೆದು ಪೂಜಿಸುವರು. ಪೂಜೆಯ ಹೊತ್ತಿನಲ್ಲಿ ಓದುವುದಿಲ್ಲ. ನವರಾತ್ರಿಯಲ್ಲಿ ಪುಸ್ತಕಗಳನ್ನು ಪೂಜೆಗಿಟ್ಟು ಓದು ನಿಲ್ಲಿಸುವ ಮನೆಗಳವರಿಗೆ ಇದು ಹೊಸದಲ್ಲ.

ಇವೆಲ್ಲವನ್ನೂ ಕಂಡು ಬಂದವರು ಎರಡು ತಪ್ಪುಗಳನ್ನು ತಪ್ಪಿಸಿಕೊಳ್ಳಬೇಕಾಗಿದೆ. ಅಲ್ಲಿರುವುದೆಲ್ಲವೂ ಭಾರತದಿಂದ ಹೋದುದೇ ಎಂದು ಹೆಮ್ಮೆಪಡುವುದು ಒಂದು ತಪ್ಪು. ಪ್ರಪಂಚನ ಕಾವ್ಯವನ್ನು ಓದಿದರೆ, ಕರ್ಣಾಟಕರು ಅಲ್ಲಿ ಗುರುಗಳಾಗಿಯಾಗಲಿ ಒಡೆಯರಾಗಿಯಾಗಲಿ ನಿಂತಿರದೆ, ಉಂಡು ತೃಪ್ತರಾದ ಅತಿಥಿಗಳಾಗಿ ನಿಂತಿದ್ದರೆಂಬುದು ವ್ಯಕ್ತವಾಗುವುದು. ಅದೆಲ್ಲವೂ ಪರಕೀಯವೆಂದು ಚಿತ್ರ ತೆಗೆದುಕೊಂಡು ಮರಳುವುದು ಎರಡನೆಯ ತಪ್ಪು. ಈ ಎರಡರ ನಡುವೆ ಒಂದು ಹಳೆಯ ಪರಿಚಯವಿದೆ. ಅದನ್ನು ಯವದ್ವೀಪದವರು ಓಲೆಯಲ್ಲಿ ಬರೆದಿಟ್ಟರು, ಕನ್ನಡಿಗರು ಬರೆಯಲಿಲ್ಲ. ಬುಬತ್ ಬಯಲಿನಲ್ಲಿ ನಿಂತು ರಾಜನ ವೇಷವನ್ನು ನೋಡಿ ನಕ್ಕ ಆ ಕರ್ಣಾಟಕರ ಊರು ಹೆಸರುಗಳು ಈಗ ಯಾರಿಗೂ ತಿಳಿಯವು. ಇಂದು ದೇವನಹಳ್ಳಿಯಿಂದ ಹಾರಿಹೋಗಿ ಬರುವ ಮನೆಗಳಲ್ಲಿ ಯಾರಾದರೂ ಒಬ್ಬರು ಕಂಡುದನ್ನು ಕಂಡಂತೆ ಕನ್ನಡದಲ್ಲಿ ಬರೆದಿಟ್ಟರೆ, ಮುಂದಿನವರು ಅದಕ್ಕಾಗಿ ಅನ್ಯಭಾಷೆಯ ಕಾವ್ಯವನ್ನು ಹುಡುಕಬೇಕಾಗುವುದಿಲ್ಲ.